ಹೆದರಬೇಡ ಎನ್ನುವ ಮುನ್ನ

ಮೊದಲ ಕೀಮೋಗೆ ಇನ್ನು ಮೂರು ದಿನ ಇದೆ ಎನ್ನುವಾಗ ಹಾಸನದ ಅಕ್ಕನ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಧೈರ್ಯ ತಗೋ, ಏನೂ ಆಗಲ್ಲ. ಮೂಸಂಬಿ ತಂದವರು, ದೇವಸ್ಥಾನದ ಕುಂಕುಮ ತಂದವರು, ಬರಲಾಗದೆ ಫೋನಿನಲ್ಲೇ ಅತ್ತವರು, ಎಲ್ಲರ ಬಾಯಲ್ಲೂ ಅದೇ. ಅಕ್ಕ ತಲೆಯಾಡಿಸಿದಳು, ಬಂದವರಿಗೆ ಕಾಫಿ ಮಾಡಿಕೊಟ್ಟಳು. ಎಷ್ಟು ಗಟ್ಟಿ ಹೆಂಗಸು ಅಂತ ಹೊಗಳಿ ಹೋದರು. ರಾತ್ರಿ ಎಚ್ಚರವಾಗಿ ನೋಡಿದರೆ ಅಡುಗೆಮನೆಯಲ್ಲಿ ಲೈಟು. ಬೇಳೆ, ಸಾರಿನಪುಡಿ, ಮೆಂತ್ಯದ ಡಬ್ಬಿಗಳಿಗೆಲ್ಲ ಅವಳು ಹೆಸರು ಬರೆದು ಚೀಟಿ ಅಂಟಿಸುತ್ತಿದ್ದಳು. "ನಿಮ್ಮ ಭಾವಂಗೆ ಯಾವುದು ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲೇ" ಎಂದಳು. ಅವಳಿಗೆ ಹೆದರಿಕೆಯಾಗಿತ್ತು. ಅಷ್ಟು ಜನ ಬಂದು ಹೋದರೂ ಅದನ್ನು ಹೇಳಿಕೊಳ್ಳಲು ಅವಳಿಗೆ ಒಬ್ಬರೂ ಸಿಕ್ಕಿರಲಿಲ್ಲ.

ಧೈರ್ಯ ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ನಾನೂ ಆ ಮಾತು ಹೇಳಿದವಳೇ. ಆದರೆ ಕೀಮೋಗೆ ಹೊರಟ ಹೆಂಗಸಿಗೆ ಧೈರ್ಯ ತುಂಬುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ ಎಂಬ ನಂಬಿಕೆ ತಪ್ಪು ಎಂದು ಈಗ ಅನ್ನುತ್ತೇನೆ. ಹೆದರಿಕೆಯನ್ನು ಹೇಳಿಕೊಳ್ಳಲು ಬಿಡದಿದ್ದರೆ ಆಗುವ ಹಾನಿ ಮನಸ್ಸಿಗಷ್ಟೇ ನಿಲ್ಲುವುದಿಲ್ಲ, ಮೈಗೂ ತಗಲುತ್ತದೆ.

ಮೊದಲು ಆ ಹೆದರಿಕೆ ಏನು ಎಂದು ನೋಡಬೇಕು. ಹೊರಗಿನವರಿಗೆ ಅದು ಸಾವಿನ ಭಯ ಎಂಬ ಒಂದೇ ಮುದ್ದೆಯಾಗಿ ಕಾಣುತ್ತದೆ. ಅಕ್ಕನದು ಹಾಗಿರಲಿಲ್ಲ. ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಅವಳಿಗೆ ರಕ್ತ ಕಾಣಿಸಿತ್ತು. ಬಯಾಪ್ಸಿಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಂದು ಗೊತ್ತಾಗಿ, ಗರ್ಭಕೋಶ, ಅಂಡಾಶಯ ಎಲ್ಲ ತೆಗೆದಿದ್ದರು. ನಮ್ಮ ಕಡೆ ಗರ್ಭಕೋಶ ತೆಗೆಸುವುದು ಎಷ್ಟು ಮಾಮೂಲಾಗಿದೆಯೆಂದರೆ ಅದರ ಮರೆಯಲ್ಲಿ ಕ್ಯಾನ್ಸರನ್ನು ಸುಲಭವಾಗಿ ಬಚ್ಚಿಡಬಹುದು. ಬೀದಿಯವರಿಗೆ ನಾವು ಹೇಳಿದ್ದು ಅಷ್ಟೇ, ಯುಟ್ರಸ್ ತೆಗೆಸಿದ್ದಾರೆ ಅಂತ. ಮನೆಯೊಳಗೂ ಆ ಕಾಯಿಲೆಗೆ ಹೆಸರಿರಲಿಲ್ಲ. 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಲ್ಲಿ ಡಾ. ಅನುಪಮಾ ನಿರಂಜನ ಹೆಣ್ಣಿನ ದೇಹದ ವಿಷಯವನ್ನು ಸಂಕೋಚವಿಲ್ಲದ ಕನ್ನಡದಲ್ಲಿ ಬರೆದು ಎಷ್ಟೋ ದಶಕಗಳಾದವು; 1991ರಲ್ಲಿ ಅವರು ತೀರಿಕೊಂಡದ್ದೂ ಕ್ಯಾನ್ಸರಿನಿಂದಲೇ. ಆದರೂ ನಮ್ಮ ಮನೆಗಳಲ್ಲಿ ಇದು ಇನ್ನೂ 'ಆ ಕಾಯಿಲೆ'.

ಕೂದಲಿನ ವಿಷಯಕ್ಕೆ ಅಕ್ಕ ಅಷ್ಟು ತಳಮಳಿಸಿದ್ದೇಕೆ ಎಂದು ನನಗೆ ತಿಳಿದದ್ದು ಆಮೇಲೆ. ಅರವತ್ತೊಂದರ ಹೆಂಗಸು, ಇನ್ನು ಚೆಂದ ಕಟ್ಟಿಕೊಂಡು ಏನಾಗಬೇಕು, ಮತ್ತೆ ಬರುತ್ತಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದರು. ಅವಳಿಗಿದ್ದ ಭಯವೇ ಬೇರೆ. ಕೂದಲು ಉದುರಿದ ದಿನ ಗುಟ್ಟು ಬೀದಿಗೆ ಬರುತ್ತದೆ. ಅದರ ಕೆಳಗೆ ಇನ್ನೂ ಹಳೆಯದೊಂದು ನೆನಪಿತ್ತು. ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಂಡು ಕೆಂಪು ಸೀರೆಯಲ್ಲಿ ಹಿತ್ತಲಲ್ಲೇ ಬದುಕು ಕಳೆದ ನಮ್ಮ ದೊಡ್ಡಜ್ಜಿಯನ್ನು ಅವಳು ಚಿಕ್ಕವಳಿದ್ದಾಗ ನೋಡಿದ್ದಳು. ಗಂಡ ಬದುಕಿರುವಾಗ ನನ್ನ ತಲೆ ಹಾಗಾದರೆ ಅದು ಅಪಶಕುನವಲ್ಲವೇ ಎಂಬ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ತಿರುಪತಿಗೆ ಮುಡಿ ಕೊಟ್ಟೆ ಅಂತ ಹೇಳಿಬಿಡು ಎಂದು ಚಿಕ್ಕಮ್ಮ ಸೂಚಿಸಿದಾಗ ಅವಳು ಮೊದಲ ಸಲ ಹಗುರಾದಳು. ನೂರು ಸಲ ಧೈರ್ಯ ಹೇಳಿದರೂ ಆ ಭಯ ಹೊರಬರುತ್ತಿರಲಿಲ್ಲ. ಚಿಕ್ಕಮ್ಮ ಧೈರ್ಯ ಹೇಳಿರಲಿಲ್ಲ, "ಯಾವುದಕ್ಕೆ ಹೆದರ್ತಿದೀಯ ಮಗಾ?" ಎಂದು ಕೇಳಿದ್ದರು.

ಧೈರ್ಯದ ಪಕ್ಷದವರು ಇಲ್ಲಿ ಒಂದು ಮಾತು ಹೇಳುತ್ತಾರೆ: ಮನಸ್ಸು ಗಟ್ಟಿಯಿದ್ದರೆ ಕಾಯಿಲೆ ಸೋಲುತ್ತದೆ, ಇದಕ್ಕೆ ವಿಜ್ಞಾನದ ಒಪ್ಪಿಗೆಯೂ ಇದೆ. ಈ ನಂಬಿಕೆಗೆ ಒಂದು ಮೂಲವಿದೆ. 1979ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸ್ಟೀವನ್ ಗ್ರೀರ್ ಮತ್ತು ಜೊತೆಗಾರರು ಸ್ತನ ಕ್ಯಾನ್ಸರ್ ಬಂದ 69 ಹೆಂಗಸರನ್ನು ಗಮನಿಸಿ, ಹೋರಾಟದ ಮನೋಭಾವದವರು ಹೆಚ್ಚು ಬದುಕಿ ಉಳಿದರೆಂದು ಬರೆದರು. ಜಗತ್ತು ಇದನ್ನು ಹಿಡಿದುಕೊಂಡಿತು. ಮುಂದೆ ನಡೆದದ್ದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ. 1999ರಲ್ಲಿ ಮ್ಯಾಗಿ ವಾಟ್ಸನ್ ಮುಂದಾಳುತನದಲ್ಲಿ, ಗ್ರೀರ್ ಕೂಡ ಸೇರಿಕೊಂಡು, 578 ಹೆಂಗಸರ ಅಧ್ಯಯನ ಮಾಡಿದರು. ಹೋರಾಟದ ಮನೋಭಾವಕ್ಕೂ ಉಳಿವಿಗೂ ನಂಟು ಕಾಣಲಿಲ್ಲ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ, ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಸಮೀಕ್ಷೆಯೂ ಇದಕ್ಕೆ ಗಟ್ಟಿ ಆಧಾರವಿಲ್ಲ ಎಂದಿತು. ನನಗೆ ಅನುಕೂಲವಲ್ಲದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ವಾಟ್ಸನ್ ಅಧ್ಯಯನದಲ್ಲಿ, ಇನ್ನೇನೂ ಉಳಿದಿಲ್ಲ ಎಂದು ಕೈಚೆಲ್ಲಿದವರ ಸ್ಥಿತಿ ಮಾತ್ರ ಉಳಿದವರಿಗಿಂತ ಕೆಟ್ಟದಾಗಿತ್ತು. ಹಾಗಾದರೆ ಧೈರ್ಯ ಬೇಕೇ ಬೇಕಲ್ಲ ಎನ್ನಬಹುದು. ನಾನು ಅದನ್ನು ಬೇರೆ ಥರ ಓದುತ್ತೇನೆ. ಮನುಷ್ಯ ಕೈಚೆಲ್ಲುವುದು ಒಬ್ಬಂಟಿಯಾದಾಗ. ಹೆದರಿಕೆ ಹೇಳಿಕೊಳ್ಳಲು ಜಾಗವೇ ಇಲ್ಲದ ಮನೆಯಲ್ಲಿ ಹೆಂಗಸು ಒಬ್ಬಂಟಿಯೇ.

ಈ ನಂಬಿಕೆಯ ಕ್ರೂರ ಮುಖ ಕಾಣುವುದು ಕಾಯಿಲೆ ಮರುಕಳಿಸಿದಾಗ. ಗೆಲ್ಲುವುದು ಧೈರ್ಯವಾದರೆ, ಸೋತವಳು ಧೈರ್ಯಗೆಟ್ಟವಳು ಎಂದಾಯಿತಲ್ಲ. ಜೀವಕೋಶ ಮಾಡಿದ ಕೆಲಸದ ತಪ್ಪನ್ನು ಹೆಂಗಸಿನ ತಲೆಗೆ ಕಟ್ಟುವುದಕ್ಕೆ ನಾನು ಒಪ್ಪುವುದಿಲ್ಲ.

ಇನ್ನು ಮೈಯ ವಿಷಯ. ನನ್ನ ವಾದದ ತಿರುಳು ಇರುವುದು ಇಲ್ಲೇ. ಅಕ್ಕನಿಗೆ ಬರೆದದ್ದು ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್, ಮೂರು ವಾರಕ್ಕೊಂದು ಸೈಕಲ್, ಒಟ್ಟು ಆರು. ಈ ಕಾಯಿಲೆಗೆ ಹೆಚ್ಚಾಗಿ ಕೊಡುವ ಜೋಡಿ ಇದೇ. ಪ್ಯಾಕ್ಲಿಟ್ಯಾಕ್ಸೆಲ್ ಡ್ರಿಪ್ ಶುರುವಾದ ಮೊದಲ ಕೆಲವು ನಿಮಿಷಗಳಲ್ಲೇ, ಅದೂ ಮೊದಲನೆಯ ಎರಡನೆಯ ಸೈಕಲ್ಲುಗಳಲ್ಲಿ, ಕೆಲವರಿಗೆ ಮೈ ತಡೆಯದೆ ಮುಖ ಕೆಂಪಾಗುತ್ತದೆ, ಎದೆ ಬಿಗಿಯುತ್ತದೆ, ಬೆನ್ನು ನೋಯುತ್ತದೆ. ತಡೆಯಲು ಮುಂಚೆಯೇ ಸ್ಟಿರಾಯ್ಡ್, ಅಲರ್ಜಿ ಔಷಧಿ ಕೊಟ್ಟಿರುತ್ತಾರೆ. ಆದರೂ ಬಂದರೆ ತಕ್ಷಣ ಡ್ರಿಪ್ ನಿಲ್ಲಿಸಬೇಕು. ನಿಲ್ಲಿಸಬೇಕಾದರೆ ರೋಗಿ ಬಾಯಿಬಿಡಬೇಕು. ಆಮೇಲೆ ಬೆರಳ ತುದಿಯ ಜೋಮು. ಅದನ್ನು ಬೇಗ ಹೇಳಿದರೆ ಡಾಕ್ಟರು ಡೋಸ್ ಇಳಿಸಬಹುದು. ಹಲ್ಲುಕಚ್ಚಿ ಸಹಿಸಿದರೆ ಅದು ಕೈಕಾಲಿನಲ್ಲೇ ಉಳಿದುಬಿಡಬಹುದು. ಎಲ್ಲಕ್ಕಿಂತ ಮುಖ್ಯ ಜ್ವರ. ಕೀಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣಗಳ ಕೌಂಟ್ ಕೆಳಗಿಳಿದಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ತುರ್ತು. ಒಂದು ಡೋಲೋ ನುಂಗಿ ಬೆಳಗಿನವರೆಗೆ ಕಾಯುವ ವಿಷಯವಲ್ಲ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಗಟ್ಟಿ ಹೆಂಗಸು ಎಂದು ಹೊಗಳಿಸಿಕೊಂಡವಳು ಇಲ್ಲಿ ಏನು ಮಾಡುತ್ತಾಳೆ? ಸುಮ್ಮನಿರುತ್ತಾಳೆ. ಮೊದಲ ಸೈಕಲ್ಲಿನಲ್ಲಿ ಅಕ್ಕನಿಗೆ ಮುಖ ಬಿಸಿಯಾಗಿ ಬೆನ್ನು ಹಿಡಿದಿತ್ತು. ಅವಳು ಯಾರಿಗೂ ಹೇಳಲಿಲ್ಲ. ಅದೃಷ್ಟಕ್ಕೆ ಅದು ತಾನಾಗಿ ಇಳಿಯಿತು. ಯಾಕೆ ಹೇಳಲಿಲ್ಲ ಎಂದರೆ, ಪಕ್ಕದ ಬೆಡ್ಡಿನವರೆಲ್ಲ ಸುಮ್ಮನಿದ್ದರು, ನಾನೊಬ್ಬಳೇ ರಂಪ ಮಾಡುವುದು ಹೇಗೆ ಎಂದಳು. ಆ ದಿನವೇ ನನಗೆ ನಮ್ಮ ಮೂಸಂಬಿ, ಕುಂಕುಮ, ಹೊಗಳಿಕೆಗಳ ನಿಜವಾದ ಬೆಲೆ ಗೊತ್ತಾದದ್ದು.

ನಮ್ಮವರು ಇನ್ನೊಂದು ಮಾಡುತ್ತಾರೆ. ಫೈಲನ್ನು ಮಗ ಅಥವಾ ತಮ್ಮ ಹಿಡಿದುಕೊಂಡು, ಅವರಿಗೆ ಹೇಳಬೇಡಿ ಸಾರ್, ಹೆದರಿಬಿಡ್ತಾರೆ ಎಂದು ಡಾಕ್ಟರ ಬಳಿ ಬೇಡಿಕೊಳ್ಳುತ್ತಾರೆ. ಹೆಚ್ಚು ತಿಳಿಯಲು ಇಷ್ಟವಿಲ್ಲದ ರೋಗಿಗಳಿದ್ದಾರೆ, ನಿಜ. ಅವರನ್ನು ಬಲವಂತ ಮಾಡಬಾರದು. ಆದರೆ ಬೇಡ ಎನ್ನುವ ಹಕ್ಕು ಅವಳದು, ಅವಳ ತಮ್ಮನದಲ್ಲ. ತಿಳಿಯದೆ ಇರುವುದರಿಂದ ಭಯ ಕಡಿಮೆಯಾಗುತ್ತದೆ ಎನ್ನುವುದು ನಾನು ಕಂಡದ್ದಕ್ಕೆ ಪೂರ್ತಿ ವಿರುದ್ಧ. ಗರ್ಭಕೋಶವನ್ನೇ ತೆಗೆದಾಯಿತಲ್ಲ, ಮತ್ತೆ ಕೀಮೋ ಯಾಕೆ, ಇನ್ನೂ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅಕ್ಕ ವಾರಗಟ್ಟಲೆ ಒಳಗೇ ಕುದಿದಿದ್ದಳು. ಕಣ್ಣಿಗೆ, ಸ್ಕ್ಯಾನಿಗೆ ಸಿಗದಷ್ಟು ಸಣ್ಣ ಕೋಶಗಳು ಉಳಿದಿರಬಹುದು, ಅವುಗಳಿಗಾಗಿ ಈ ಔಷಧಿ ಎಂಬ ಎರಡು ಸಾಲಿನ ಉತ್ತರ ಸಿಕ್ಕ ದಿನ ಅವಳು ಮಧ್ಯಾಹ್ನ ನಿದ್ದೆ ಮಾಡಿದಳು.

ಎರಡನೆಯ ಸೈಕಲ್ಲಿಗೆ ಮುಂಚೆ ನಾವು ಕೂತು ಅವಳ ಹೆದರಿಕೆಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದೆವು. ಮೈಗೆ ವಿಷ ಹಾಕುತ್ತಾರೆ ಎಂಬುದು ಮೊದಲನೆಯದು. ಅದನ್ನು ಸುಳ್ಳು ಅನ್ನಲಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ. ಈ ಔಷಧಿ ಎರಡಾಗಿ ಒಡೆಯುತ್ತಿರುವ ಕೋಶಗಳನ್ನು ನಡುದಾರಿಯಲ್ಲೇ ತಡೆಯುತ್ತದೆ. ಕೂದಲ ಬುಡದ ಕೋಶಗಳೂ ಬೇಗ ಬೇಗ ಒಡೆಯುವಂಥವು, ಅದಕ್ಕೇ ಅವೂ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾದ್ರೆ ಶಕುನ ಗಿಕುನ ಏನಿಲ್ಲ ಅನ್ನು, ಎಂದಳು. ವಾಂತಿಯ ಭಯ ಸಿನಿಮಾದಿಂದ ಬಂದದ್ದು. 1990ರ ದಶಕದಲ್ಲಿ ಒಂಡಾನ್ಸೆಟ್ರಾನ್ ಬಂದ ಮೇಲೆ ಆ ಚಿತ್ರ ಬಹಳ ಬದಲಾಗಿದೆ, ಪೂರ್ತಿ ಹೋಗಿಲ್ಲ. ಸ್ಟಿರಾಯ್ಡಿನಿಂದ ಅವಳ ಸಕ್ಕರೆ ಏರುತ್ತದೆ ಎಂಬುದು ನಾವು ಯಾರೂ ಯೋಚಿಸದಿದ್ದ ಸಂಗತಿ, ಅವಳೇ ಕೇಳಿ ತಿಳಿದುಕೊಂಡಳು. ಹಣದ ಭಯವೂ ಪಟ್ಟಿಯಲ್ಲಿತ್ತು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ನಮ್ಮದು ಎಪಿಎಲ್, ಲೆಕ್ಕ ಹಾಕಿ ಅವಳಿಗೆ ತೋರಿಸಬೇಕಾಯಿತು. ಮತ್ತೆ ಬರುತ್ತದಾ ಎಂಬ ಪ್ರಶ್ನೆಯೂ ಇತ್ತು. ಗೊತ್ತಿಲ್ಲ ಎಂದರು ಡಾಕ್ಟರು. ಆ ಉತ್ತರವನ್ನೂ ಅಕ್ಕ ಬರೆದುಕೊಂಡಳು.

ಎರಡನೆಯ ಸೈಕಲ್ ಆದ ಹನ್ನೊಂದನೆಯ ರಾತ್ರಿ, ಎರಡು ಗಂಟೆ ಹೊತ್ತಿಗೆ ಯಾರೋ ನನ್ನ ಭುಜ ಅಲುಗಾಡಿಸಿದರು. ಅಕ್ಕ. ತಲೆಗೆ ಹತ್ತಿ ಬಟ್ಟೆ ಸುತ್ತಿಕೊಂಡಿದ್ದಳು, ಕೈಯಲ್ಲಿ ಥರ್ಮಾಮೀಟರ್. ಅದರಲ್ಲಿ 101 ಇತ್ತು.

"ಏಳೇ, ನಂಗೆ ಹೆದರಿಕೆ ಆಗ್ತಿದೆ" ಎಂದಳು. ಭಾವ ಆಗಲೇ ಕಾರು ಹೊರತೆಗೆಯುತ್ತಿದ್ದರು.