ಬಿಟ್ಟಲ್ಲಿ ನಿಲ್ಲುವ ಬಾರ್
ಎಂಟು ಸಾಲಿನ ದುರಸ್ತಿ ಚೀಟಿಗೆ ಒಂದು ವ್ಯಾಖ್ಯಾನ

ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜಿನಿಂದ ಹೊರಟು ತಂತಿಗಳ ಮೇಲೆ ಚಾಚಿಕೊಂಡ ಬಾಗಿದ ಉಕ್ಕಿನ ಕಡ್ಡಿಯೇ ಟ್ರೆಮೊಲೊ ಬಾರ್. ಒತ್ತಿದರೆ ತಂತಿಗಳು ಸಡಿಲವಾಗಿ ಸ್ವರ ಇಳಿಯುತ್ತದೆ, ಎತ್ತಿದರೆ ಏರುತ್ತದೆ. ಲಿಯೋ ಫೆಂಡರ್ ಅವರ ಕಂಪನಿ 1954ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಿಂದ ಹೊರತಂದ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಈ ಬಾರನ್ನು ಬ್ರಿಡ್ಜಿನ ಅಡಿಯ ಲೋಹದ ಬ್ಲಾಕಿಗೆ ತಿರುಪಿನಿಂದ ಕೂರಿಸಿದ್ದರು. ಆ ವಿನ್ಯಾಸ ಇವತ್ತು ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಕಡಿಮೆ ಬೆಲೆಯ ಗಿಟಾರುಗಳವರೆಗೂ ಬಂದಿದೆ. ಜೊತೆಯಲ್ಲಿ ಅದರ ಕಾಯಿಲೆಯೂ ಬಂದಿದೆ: ಬಳಸುತ್ತ ಹೋದಂತೆ ಬಾರ್ ಲೂಸಾಗಿ ಲೊಟಲೊಟ ಅಲ್ಲಾಡತೊಡಗುತ್ತದೆ. ಗಿಟಾರ್ ಕೇಸಿನ ಮುಚ್ಚಳಕ್ಕೆ ಅಂಟಿಸಿಕೊಳ್ಳಲೆಂದು ಬರೆದ ಎಂಟು ಸಾಲು ಇಲ್ಲಿವೆ. ಚೀಟಿಯಲ್ಲಿ ಹಿಡಿಯದ ಕಾರಣಗಳೆಲ್ಲ ವ್ಯಾಖ್ಯಾನದಲ್ಲಿವೆ.

1. ಅಲ್ಲಾಡುವುದು ಬಾರೋ ಬ್ರಿಡ್ಜೋ, ಮೊದಲು ತಿಳಿ.

ಬಾರ್ ಬ್ಲಾಕಿಗೆ ಇಳಿಯುವ ಜಾಗದಲ್ಲಿ ಒಂದು ಬೆರಳಿಟ್ಟು, ಇನ್ನೊಂದು ಕೈಯಿಂದ ಬಾರಿನ ತುದಿಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ತುದಿ ಅಲುಗಿದರೂ ಬ್ರಿಡ್ಜ್ ಅಲುಗದೆ, ಬೆರಳಿಗೆ ‘ಟಕ್’ ಎಂದು ಸಣ್ಣ ಪೆಟ್ಟು ಗೊತ್ತಾದರೆ ಲೂಸ್ ಇರುವುದು ಬಾರಿನ ತಿರುಪಿನಲ್ಲಿ. ತುದಿಯೊಡನೆಯೇ ಬ್ರಿಡ್ಜೂ ಅಲುಗಿ ಸ್ವರ ಬದಲಾದರೆ ಬಾರಿಗೇನೂ ಆಗಿಲ್ಲ.

ಬ್ರಿಡ್ಜ್ ತೇಲಿಕೊಂಡಿರುವುದು ದೋಷವಲ್ಲ. ಸ್ಟ್ರಾಟೊಕಾಸ್ಟರಿಗೆ ಫೆಂಡರ್ ಕಂಪನಿ ಸೂಚಿಸುವ ಸೆಟ್ಟಿಂಗಿನಲ್ಲಿ ಬ್ರಿಡ್ಜಿನ ಹಿಂಬದಿ ಮರದಿಂದ ಸುಮಾರು 3.2 ಮಿ.ಮೀ. ಮೇಲೆದ್ದಿರುತ್ತದೆ. ಮುಂದಿನಿಂದ ತಂತಿಗಳು ಎಳೆಯುತ್ತವೆ. ಗಿಟಾರಿಗರು ‘9ರ ಸೆಟ್’ ಎನ್ನುವ ತೆಳು ತಂತಿಗಳನ್ನು ಹಾಕಿದರೂ ಆರು ತಂತಿಗಳ ಸೆಳೆತ ಸೇರಿ ಸುಮಾರು 38 ಕಿಲೊ ತೂಕದಷ್ಟಾಗುತ್ತದೆ. ಗಿಟಾರಿನ ಬೆನ್ನಿನೊಳಗಿನ ಸ್ಪ್ರಿಂಗುಗಳು ಅದಕ್ಕೆ ಎದುರಾಗಿ ಎಳೆಯುತ್ತವೆ. ಎರಡೂ ಸಮವಾದ ಕಡೆ ಬ್ರಿಡ್ಜ್ ನಿಲ್ಲುತ್ತದೆ. ಇದು ತಿಳಿಯದೆ, ಬಾರ್ ಲೂಸಾಯಿತೆಂದು ಬೆನ್ನಿನ ಮುಚ್ಚಳ ತೆಗೆದು ಸ್ಪ್ರಿಂಗುಗಳ ಕೊಕ್ಕೆಯನ್ನು ಹಿಡಿದಿರುವ ಎರಡು ಸ್ಕ್ರೂಗಳನ್ನು ಬಿಗಿಮಾಡುವವರಿದ್ದಾರೆ. ಆಗ ಬ್ರಿಡ್ಜ್ ಹಿಂದಕ್ಕೆ ವಾಲಿ ಶ್ರುತಿ ಏರುತ್ತದೆ, ಬಾರ್ ಮಾತ್ರ ಮೊದಲಿನಂತೆಯೇ ಅಲ್ಲಾಡುತ್ತಿರುತ್ತದೆ.

2. ಪೂರ್ತಿ ಬಿಗಿದ ಬಾರ್ ಕೈಗೆ ಬರದು, ಕೈಗೆ ಬಂದ ಬಾರ್ ಬಿಗಿಯಾಗಿರದು.

ಚೀಟಿಯ ಜೀವ ಇರುವುದು ಈ ಸಾಲಿನಲ್ಲಿ. ತಿರುಪಿನ ಕೆಲಸ ಕಚ್ಚಿ ಹಿಡಿಯುವುದು. ಒಮ್ಮೆ ಬಿಗಿದ ಮೇಲೆ ಅದು ಕದಲಬಾರದು. ಇಲ್ಲಿ ಅದೇ ತಿರುಪಿಗೆ ಕೀಲಿನ ಕೆಲಸವನ್ನೂ ಹೊರಿಸಿದ್ದಾರೆ. ಬೇಕೆಂದಾಗ ಬಾರ್ ತಂತಿಗಳ ಮೇಲೆ ಬರಬೇಕು, ಬೇಡವಾದಾಗ ಪಕ್ಕಕ್ಕೆ ಸರಿಯಬೇಕು. ಕೊನೆಮುಟ್ಟ ತಿರುಗಿಸಿದರೆ ಬಾರ್ ಕಚ್ಚಿಕೊಳ್ಳುತ್ತದೆ ನಿಜ. ಆದರೆ ಆಗ ಅದು ಯಾವ ಕಡೆಗೆ ಮುಖಮಾಡಿ ನಿಲ್ಲುತ್ತದೆಂಬುದು ತಿರುಪಿನ ಸುರುಳಿ ಗೆರೆ, ಅಂದರೆ ಥ್ರೆಡ್, ಎಲ್ಲಿ ಮುಗಿಯಿತು ಎಂಬುದನ್ನು ಅವಲಂಬಿಸಿರುತ್ತದೆ. ಕೈಗೆ ಎಟುಕಲೆಂದು ಅರ್ಧ ಸುತ್ತು ಹಿಂದೆ ತಿರುಗಿಸಿದೊಡನೆ ಹಿಡಿತ ಸಡಿಲ.

ಕಾರ್ಖಾನೆಯಲ್ಲೇ ಸರಿಯಾದ ದಿಕ್ಕಿಗೆ ಬಿಗಿದು ಕೊಡಬಾರದೇ ಎಂದರೆ, ಆ ದಿಕ್ಕು ಎಲ್ಲರಿಗೂ ಒಂದೇ ಅಲ್ಲ. ಬಲಗೈ ಗಿಟಾರನ್ನು ತಿರುಗಿಸಿ ಎಡಗೈಯಲ್ಲಿ ನುಡಿಸುತ್ತಿದ್ದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ಗೆ ಬಾರ್ ತಂತಿಗಳ ಮೇಲ್ಬದಿಯಲ್ಲಿರುತ್ತಿತ್ತು. ತಿರುಗುವ ಅವಕಾಶ ಬಾರಿಗೆ ಇರಲೇಬೇಕು.

ತಿರುಗಬೇಕಾದರೆ ಒಳ ಥ್ರೆಡ್ಡಿಗೂ ಹೊರ ಥ್ರೆಡ್ಡಿಗೂ ನಡುವೆ ಸಂದು ಬೇಕು. ಕೂದಲೆಳೆಯಷ್ಟು ಸಂದು ಕೈಗೆ ಇಷ್ಟು ದೊಡ್ಡದಾಗಿ ಗೊತ್ತಾಗುವುದಕ್ಕೆ ಬಾರಿನ ಉದ್ದವೇ ಕಾರಣ. ಒಂದು ಸೆಂಟಿಮೀಟರ್ ಆಳಕ್ಕೆ ಇಳಿದ ಥ್ರೆಡ್ಡಿನಲ್ಲಿ 0.1 ಮಿ.ಮೀ. ವಾಲುವ ಜಾಗವಿದೆ ಎನ್ನಿ. 15 ಸೆಂಟಿಮೀಟರ್ ಆಚೆಯ ತುದಿಯಲ್ಲಿ ಅದು 1.5 ಮಿ.ಮೀ. ಆಗಿರುತ್ತದೆ. ಅಷ್ಟು ದೂರ ಕೈ ಚಲಿಸುತ್ತದೆ, ಸ್ವರ ಚಲಿಸುವುದಿಲ್ಲ. ಬಾರನ್ನು ಒಮ್ಮೆಗೇ ಜೋರಾಗಿ ಅದುಮಿ ಬಿಡುವವರಿಗೆ ಇದು ಅಷ್ಟಾಗಿ ಕಾಡದು. ಗಿಟಾರ್ ವಾದಕ ಜೆಫ್ ಬೆಕ್ ಅವರು 1989ರ ‘ವೇರ್ ವರ್ ಯು’ ರಚನೆಯಲ್ಲಿ ಮಾಡಿದಂತೆ ಬಾರನ್ನು ಕೈಯೊಳಗೇ ಇಟ್ಟುಕೊಂಡು ಸ್ವರದಿಂದ ಸ್ವರಕ್ಕೆ ಜಾರುವವರಿಗೆ ಮಾತ್ರ ಗಮಕ ತಿರುಗುವ ಜಾಗದಲ್ಲೇ ನುಡಿ ಎಡವುತ್ತದೆ.

ಆದ್ದರಿಂದ ಇನ್ನಷ್ಟು ಬಿಗಿದು ಫಲವಿಲ್ಲ, ಸಂದು ತುಂಬಬೇಕು. ಮುಂದಿನ ಸಾಲುಗಳು ಆ ಉಪಾಯಗಳನ್ನು ಹೇಳುತ್ತವೆ.

3. ತೂತಿನ ತಳದಲ್ಲಿ ಸ್ಪ್ರಿಂಗ್ ಇದೆಯೇ, ಟಾರ್ಚ್ ಬಿಟ್ಟು ನೋಡು.

ಬೆನ್ನಿನ ದೊಡ್ಡ ಸ್ಪ್ರಿಂಗುಗಳ ಮಾತಲ್ಲ ಇದು. ಬಾರ್ ಇಳಿಯುವ ತೂತಿನ ತಳದಲ್ಲಿ ಕೂರುವ, ಒಂದು ಸೆಂಟಿಮೀಟರಿಗೂ ಚಿಕ್ಕದಾದ ಸ್ಪ್ರಿಂಗ್ ಒಂದಿದೆ. ಬಾರನ್ನು ತಿರುಗಿಸುತ್ತ ಹೋದಂತೆ ಅದರ ತುದಿ ಈ ಸ್ಪ್ರಿಂಗನ್ನು ಅದುಮುತ್ತದೆ, ಸ್ಪ್ರಿಂಗ್ ಬಾರನ್ನು ಮೇಲಕ್ಕೆ ನೂಕುತ್ತದೆ. ಆಗ ಬಾರಿನ ಥ್ರೆಡ್ಡುಗಳ ಮೇಲ್ಮುಖ ಬ್ಲಾಕಿನ ಥ್ರೆಡ್ಡುಗಳಿಗೆ ಒತ್ತಿ ನಿಲ್ಲುತ್ತದೆ. ಸಂದು ಅಳಿಯುವುದಿಲ್ಲ, ಒಂದೇ ಬದಿಗೆ ಸರಿಯುತ್ತದೆ. ಅತ್ತಿತ್ತ ಆಡಲು ಜಾಗವಿಲ್ಲದ್ದರಿಂದ ಬಾರನ್ನು ಯಾವ ದಿಕ್ಕಿಗೆ ಬಿಟ್ಟರೂ ಅದು ಅಲ್ಲೇ ನಿಲ್ಲುತ್ತದೆ.

ಬಾರ್ ಬಿಚ್ಚಿ ಗಿಟಾರನ್ನು ಬೋರಲು ಹಾಕಿದರೆ ಈ ಸ್ಪ್ರಿಂಗ್ ಸದ್ದಿಲ್ಲದೆ ಉದುರಿಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಗಿಟಾರುಗಳಲ್ಲಿ ಅದು ಇಲ್ಲದಿರಬಹುದು. ಬಾರ್ ತೆಗೆದೊಡನೆ ತೂತಿನ ಬಾಯಿಗೆ ಒಂದು ತುಂಡು ಟೇಪ್ ಅಂಟಿಸಿದರೆ ಚಿಂತೆ ಇರದು. ಕಳೆದುಹೋಗಿದ್ದರೆ ಇದಕ್ಕೆಂದೇ ಮಾಡಿದ ಸ್ಪ್ರಿಂಗ್ ಸಿಗುತ್ತದೆ. ಬಾಲ್ ಪೆನ್ನಿನ ಸ್ಪ್ರಿಂಗನ್ನು ಕತ್ತರಿಸಿ ಹಾಕುವುದೂ ಉಂಟು, ಆದರೆ ಅದರ ತಂತಿ ತೆಳು, ಬೇಗ ಕುಸಿಯುತ್ತದೆ. ಹಾಕುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ. ಕೆಲವು ಬ್ಲಾಕುಗಳಲ್ಲಿ ತೂತು ಕೆಳಗಿನವರೆಗೂ ಹಾದುಹೋಗಿರುತ್ತದೆ. ಬೆನ್ನಿನ ಮುಚ್ಚಳ ತೆಗೆದು ಮೇಲಿನಿಂದ ಟಾರ್ಚ್ ಹಿಡಿದಾಗ ಕೆಳಗೆ ಬೆಳಕು ಕಂಡರೆ ಅಲ್ಲಿ ಸ್ಪ್ರಿಂಗ್ ನಿಲ್ಲದು. ನಾಲ್ಕನೆಯ ಸಾಲಿಗೆ ಹೋಗಿ.

4. ಟೇಪ್ ಸುತ್ತುವುದಾದರೆ ತಿರುಪಿನ ದಿಕ್ಕಿಗೇ ಸುತ್ತು.

ಪ್ಲಂಬರ್‌ಗಳು ನಲ್ಲಿ ಕೂರಿಸುವಾಗ ಸುತ್ತುವ ಬಿಳಿಯ ಟೆಫ್ಲಾನ್ ಟೇಪ್ ಇದು. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬಾರಿನ ಥ್ರೆಡ್ ಇರುವ ತುದಿಯನ್ನು ನಿಮ್ಮ ಕಡೆಗೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಸುತ್ತಿ. ಹಾಗೆ ಸುತ್ತಿದರೆ ಬಾರನ್ನು ಒಳಕ್ಕೆ ತಿರುಗಿಸುವಾಗ ಟೇಪ್ ಇನ್ನಷ್ಟು ಬಿಗಿಯಾಗಿ ಹತ್ತಿಕೊಳ್ಳುತ್ತದೆ. ತಿರುವುಮುರುವಾಗಿ ಸುತ್ತಿದರೆ ತೂತಿನ ಬಾಯಲ್ಲೇ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಎರಡು ಮೂರು ಸುತ್ತು ಸಾಕು. ತುದಿಯ ಒಂದೆರಡು ಥ್ರೆಡ್ಡುಗಳನ್ನು ಬರಿದಾಗಿ ಬಿಟ್ಟರೆ ಬಾರ್ ನೆಟ್ಟಗೆ ಕಚ್ಚಿಕೊಂಡು ಒಳಗಿಳಿಯುತ್ತದೆ, ಟೇಪಿನ ಚೂರುಗಳೂ ತಳಕ್ಕೆ ಬೀಳವು.

ಟೆಫ್ಲಾನ್ ನುಣುಪಲ್ಲವೇ, ಬಾಣಲೆಗೆ ಹಚ್ಚುವ ಜಾರುವ ವಸ್ತು ಹಿಡಿತ ಕೊಡುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಟೇಪಿಗೆ ವಹಿಸಿದ ಕೆಲಸ ಸಂದಿನಲ್ಲಿ ಹರಡಿ ತುಂಬಿಕೊಳ್ಳುವುದಷ್ಟೇ. ತುಂಬಿದ ಮೇಲೆ ಬಾರ್ ವಾಲಲು ಜಾಗ ಉಳಿಯದು. ನುಣುಪಿನಿಂದಾಗಿ ತಿರುಗುವಾಗ ಕಿರುಗುಟ್ಟುವುದೂ ಇಲ್ಲ. ಟೇಪ್ ಸವೆಯುವ ವಸ್ತು. ಬಾರನ್ನು ಪದೇ ಪದೇ ಬಿಚ್ಚಿ ಹಾಕುವವರು ಹಳೆಯದನ್ನು ಉಗುರಿನಿಂದ ಸುಲಿದು ಹೊಸದು ಸುತ್ತುತ್ತಿರಬೇಕು.

5. ಸೇರದ ಬಾರನ್ನು ಬಲ ಹಾಕಿ ಸೇರಿಸಬೇಡ.

ಕಳೆದುಹೋದ ಬಾರಿನ ಬದಲು ಹೊಸದನ್ನು ಕೊಂಡವರಿಗೆ ಈ ಎಚ್ಚರಿಕೆ. ಬಾರುಗಳೆಲ್ಲ ನೋಡಲು ಒಂದೇ, ಥ್ರೆಡ್ಡುಗಳು ಬೇರೆ ಬೇರೆ. ಸ್ಟ್ರಾಟೊಕಾಸ್ಟರಿನ ಮೂಲ ಅಮೆರಿಕನ್ ಬಾರಿಗೆ 10-32 ಎಂಬ ಇಂಚಿನ ಅಳತೆಯ ಥ್ರೆಡ್: ದಪ್ಪ 4.83 ಮಿ.ಮೀ., ಒಂದು ಥ್ರೆಡ್ಡಿಂದ ಇನ್ನೊಂದಕ್ಕೆ 0.79 ಮಿ.ಮೀ. ಏಷ್ಯಾದಲ್ಲಿ ತಯಾರಾಗುವ ಗಿಟಾರುಗಳಲ್ಲಿ ಸಾಮಾನ್ಯವಾಗಿ 5 ಅಥವಾ 6 ಮಿ.ಮೀ. ದಪ್ಪದ ಮೆಟ್ರಿಕ್ ಥ್ರೆಡ್ ಇರುತ್ತದೆ. 5 ಮಿ.ಮೀ. ಬಾರಿನಲ್ಲಿ ಥ್ರೆಡ್ಡುಗಳ ಅಂತರ 0.8 ಮಿ.ಮೀ. ಎರಡರ ಅಂತರವೂ ಹೆಚ್ಚುಕಡಿಮೆ ಒಂದೇ ಆಗಿರುವುದು ಮೋಸಕ್ಕೆ ದಾರಿ. ಅಮೆರಿಕನ್ ಬಾರ್ 5 ಮಿ.ಮೀ. ತೂತಿಗೆ ಸಲೀಸಾಗಿ ಇಳಿಯುತ್ತದೆ, ಇಳಿದು ಲೂಸಾಗಿ ಕೂರುತ್ತದೆ. ಹೊಸ ಬಾರ್ ಹಾಕಿದ ದಿನದಿಂದಲೇ ಅಲ್ಲಾಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. 5 ಮಿ.ಮೀ. ಬಾರನ್ನು ಅಮೆರಿಕನ್ ತೂತಿಗೆ ಹಾಕಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಇಕ್ಕಳ ಹಿಡಿದು ತಿರುಗಿಸಿದರೆ ಬ್ಲಾಕಿನ ಥ್ರೆಡ್ ಹೋಯಿತೆಂದೇ ಲೆಕ್ಕ. ಸರಿಯಾದ ಬಾರ್ ಎರಡೇ ಬೆರಳಿನ ಬಲಕ್ಕೆ ಕೊನೆಯವರೆಗೂ ಇಳಿಯುತ್ತದೆ.

ಬ್ಲಾಕಿನ ಲೋಹವನ್ನೂ ಗಮನಿಸಿ. ಉಕ್ಕಿನ ಬ್ಲಾಕಿನಲ್ಲಿ ಥ್ರೆಡ್ ಬಾಳುತ್ತದೆ. ಅಗ್ಗದ ಗಿಟಾರುಗಳ ಸತುವಿನ ಎರಕದ ಬ್ಲಾಕಿನಲ್ಲಿ ಬೇಗ ಸವೆಯುತ್ತದೆ. ಬೆನ್ನಿನ ಕಡೆಯಿಂದ ಬ್ಲಾಕಿಗೆ ಒಂದು ಪುಟ್ಟ ಅಯಸ್ಕಾಂತ ತಾಗಿಸಿದರೆ ಗೊತ್ತಾಗುತ್ತದೆ: ಉಕ್ಕಿಗೆ ಅಂಟುತ್ತದೆ, ಸತುವಿಗೆ ಅಂಟದು.

6. ಅಂಟು ಬೇಡ.

ಸೂಪರ್ ಗ್ಲೂ ಅಥವಾ ಶಾಶ್ವತವಾಗಿ ಹಿಡಿಯುವ ಥ್ರೆಡ್ ಲಾಕರ್ ಹಾಕಿದರೆ ಅಲ್ಲಾಟ ನಿಲ್ಲುತ್ತದೆ. ಬಾರನ್ನು ಪಕ್ಕಕ್ಕೆ ಸರಿಸುವುದೂ ಕೇಸಿಗಿಡುವಾಗ ಬಿಚ್ಚುವುದೂ ನಿಲ್ಲುತ್ತದೆ. ಬಿಚ್ಚದೆ ಕೇಸ್ ಮುಚ್ಚಿದರೆ ಒತ್ತಡವೆಲ್ಲ ಬಾರಿನ ಬುಡಕ್ಕೆ. ಥ್ರೆಡ್ ಕೊರೆದ ಬುಡದಲ್ಲಿ 10-32 ಬಾರಿನ ಗಟ್ಟಿ ಲೋಹ 4 ಮಿ.ಮೀ.ಗೂ ಕಡಿಮೆ, ಬಾರ್ ಮುರಿಯುವುದು ಅಲ್ಲೇ. ಅಂಟಿಲ್ಲದಿದ್ದರೆ ಒಳಗುಳಿದ ಚೂರನ್ನು ತೆಗೆಯುವ ಸಾಧನಗಳಿವೆ. ಅಂಟಿದ್ದರೆ ಆ ಕೆಲಸ ಎರಡರಷ್ಟು ಕಷ್ಟ.

7. ತಿರುಪಿಲ್ಲದ ಬಾರಿಗೆ ಬೇರೆ ಮದ್ದು.

ಮೇಲಿನದೆಲ್ಲ ಬ್ಲಾಕಿಗೆ ತಿರುಗಿಸಿ ಕೂರಿಸುವ ಬಾರಿಗೆ ಸಂಬಂಧಿಸಿದ್ದು. ಫ್ಲಾಯ್ಡ್ ರೋಸ್ ಬ್ರಿಡ್ಜಿನ ಸಾಮಾನ್ಯ ಮಾದರಿಯಲ್ಲಿ ಬಾರನ್ನು ಹಿಡಿಯುವುದು ಬುಡದಲ್ಲಿರುವ, ಕೈಯಲ್ಲಿ ತಿರುಗಿಸುವ ಒಂದು ಉಂಗುರದ ನಟ್ಟು. ಅದನ್ನು ಸ್ವಲ್ಪ ಬಿಗಿದರೆ ಸಾಕಾಗುತ್ತದೆ. ಸಾಕಾಗದಿದ್ದರೆ ಒಳಗಿನ ವಾಷರ್ ಸವೆದಿರಬಹುದು, ಅಥವಾ ಬಾರಿನ ಹಿಡಿಯನ್ನು ಬ್ರಿಡ್ಜಿನ ತಟ್ಟೆಗೆ ಕೆಳಗಿನಿಂದ ಹಿಡಿದ ನಟ್ಟು ಸಡಿಲಗೊಂಡಿರಬಹುದು. ಒತ್ತಿ ಕೂರಿಸುವ ಬಾರುಗಳಲ್ಲಿ ಸವೆಯುವುದು ನೈಲಾನ್ ಬುಷ್, ಅದನ್ನು ಬದಲಿಸಬೇಕು. ಇನ್ನು ಕೆಲವದರಲ್ಲಿ ಬಾರಿನ ಬುಡವನ್ನು ಪಕ್ಕದಿಂದ ಒತ್ತುವ ಪುಟ್ಟ ಅಲೆನ್ ಸ್ಕ್ರೂ ಇರುತ್ತದೆ; ಕಾಲು ಸುತ್ತು ತಿರುಗಿಸಿ ನೋಡಿ, ಬೇಕಾದರಷ್ಟೇ ಮುಂದುವರಿಯಿರಿ.

8. ಬಿಟ್ಟಲ್ಲಿ ನಿಲ್ಲಬೇಕು, ಬೆರಳಿಗೆ ಬಗ್ಗಬೇಕು.

ದುರಸ್ತಿ ಮುಗಿಯಿತೇ ಎಂದು ತೀರ್ಮಾನಿಸುವುದು ಈ ಸಾಲು. ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನಿಂತು, ಬಾರನ್ನು ತಂತಿಗಳಿಗೆ ಸಮಾನಾಂತರವಾಗಿ ತಂದು ಕೈ ಬಿಡಿ. ಅದು ನೆಲದ ಕಡೆಗೆ ಜೋತುಬೀಳದೆ ನಿಂತರೆ ಅರ್ಧ ಗೆದ್ದಿರಿ. ಒಂದೇ ಬೆರಳಿನಿಂದ ಪಕ್ಕಕ್ಕೆ ನೂಕಿದಾಗ ಸರಿದರೆ ಇನ್ನರ್ಧ. ಸರಿಸುವಾಗಲೇ ಬ್ರಿಡ್ಜ್ ಎಳೆದಂತಾಗಿ ಸ್ವರ ಕದಲಿದರೆ ಬಿಗಿ ಹೆಚ್ಚಾಗಿದೆ, ಟೇಪ್ ಒಂದು ಸುತ್ತು ಕಡಿಮೆ ಮಾಡಿ. ಕೊನೆಗೆ ಆರನೆಯ ತಂತಿಯನ್ನು ಮೀಟಿ ಬಾರನ್ನು ತೀರ ಸಣ್ಣದಾಗಿ ಅಲುಗಿಸಿ. ‘ಟಕ್’ ಎನ್ನದೆ ಸ್ವರ ಅಲೆಯಬೇಕು.

ಬಾರೇ ಬೇಡವೆನ್ನುವವರಿಗೆ ಈ ಚೀಟಿಯ ಅಗತ್ಯವಿಲ್ಲ. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ತಮ್ಮ ಸ್ಟ್ರಾಟೊಕಾಸ್ಟರುಗಳಲ್ಲಿ ಮರದ ತುಂಡು ಸಿಕ್ಕಿಸಿ ಬ್ರಿಡ್ಜ್ ಕದಲದಂತೆ ಮಾಡಿಸಿಕೊಂಡಿದ್ದರು. ಬೇಕೆನ್ನುವವರು ಸಾಲುಗಳ ಕ್ರಮ ತಪ್ಪಿಸದಿರುವುದು ಒಳ್ಳೆಯದು: ಮೊದಲು ಸ್ಪ್ರಿಂಗ್, ಆಮೇಲೆ ಟೇಪ್, ಆಮೇಲೆ ಸರಿಯಾದ ಥ್ರೆಡ್ಡಿನ ಬಾರ್, ಎಲ್ಲಕ್ಕೂ ಕೊನೆಗೆ ಹೊಸ ಬ್ಲಾಕ್. ಮೊದಲ ಮೂರಕ್ಕೆ ಖರ್ಚು ಕಡಿಮೆ, ಫಲ ಸಿಗದಿದ್ದರೆ ಬಿಚ್ಚಿ ಹಿಂದಿನಂತೆ ಇಡಬಹುದು. ಬ್ಲಾಕ್ ಬದಲಿಸಲು ತಂತಿ, ಸ್ಪ್ರಿಂಗ್, ಬ್ರಿಡ್ಜ್ ಎಲ್ಲವನ್ನೂ ಕಳಚಿ ಮತ್ತೆ ಶ್ರುತಿಗೆ ತರಬೇಕು.