ಉತ್ತರಪತ್ರಿಕೆ ಸಿಕ್ಕಿತು, ಅಳತೆಗೋಲು ಸಿಗಲಿಲ್ಲ

ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವನಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದು ತೀರ್ಪು ನೀಡಿತು. ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮತ್ತು ಎ.ಕೆ. ಪಟ್ನಾಯಕ್ ಅವರ ಪೀಠದ ಮುಂದೆ ಸಿಬಿಎಸ್‌ಇ ಜೊತೆಗೆ ಕೋಲ್ಕತ್ತಾ ವಿಶ್ವವಿದ್ಯಾಲಯವೂ ಮೇಲ್ಮನವಿದಾರನಾಗಿ ನಿಂತಿತ್ತು. ಪರೀಕ್ಷಾ ವಿಭಾಗಗಳ ಕದ ತೆರೆಸಿದ ತೀರ್ಪು ಎಂಬ ಕೀರ್ತಿ ಅದಕ್ಕೆ ಅಂದಿನಿಂದಲೂ ಅಂಟಿಕೊಂಡಿದೆ. ಆ ಕೀರ್ತಿಯಲ್ಲಿ ಹೆಚ್ಚಿನ ಪಾಲು ಕಲ್ಕತ್ತಾ ಹೈಕೋರ್ಟಿಗೆ ಸಲ್ಲಬೇಕು. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರ ಅರ್ಜಿಯ ಮೇಲೆ 2008ರಲ್ಲಿ ಏಕಸದಸ್ಯ ಪೀಠ, 2009ರಲ್ಲಿ ವಿಭಾಗೀಯ ಪೀಠ ಈ ಹಕ್ಕನ್ನು ಆಗಲೇ ಎತ್ತಿಹಿಡಿದಿದ್ದವು.

ತೀರ್ಪಿನ ಮೊದಲ ಭಾಗ ಗಟ್ಟಿಯಾಗಿಯೇ ಇದೆ. ಉತ್ತರಪತ್ರಿಕೆ ಪರೀಕ್ಷಾ ಸಂಸ್ಥೆಯ ಕೈಯಲ್ಲಿ ವಿಶ್ವಾಸದ ಮೇಲೆ ಇರುವ ಗುಟ್ಟಿನ ದಾಖಲೆ, ಆದ್ದರಿಂದ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಇ) ಅಡಿ ಕೊಡಬೇಕಿಲ್ಲ ಎಂಬ ವಾದವನ್ನು ಅದು ಒಪ್ಪಲಿಲ್ಲ. ಮೌಲ್ಯಮಾಪಕರ ಹೆಸರು, ಸಹಿ ಮರೆಮಾಚಿ ಪತ್ರಿಕೆ ತೋರಿಸಿ ಎಂದಿತು. ಅಂಕದ ಜಗಳ ಮೈಮೇಲೆ ಬರದಂತೆ ಅಧ್ಯಾಪಕರನ್ನು ಕಾಯುವ ಈ ಷರತ್ತಿನಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ.

ತೊಡಕು ಇರುವುದು ಕೊನೆಯ ಪುಟಗಳಲ್ಲಿ. ವಿವೇಚನೆಯಿಲ್ಲದೆ ಎಲ್ಲ ಮಾಹಿತಿಯನ್ನೂ ಕೇಳುತ್ತ ಹೋದರೆ ಆಡಳಿತ ಸೊರಗುತ್ತದೆ, ಸಾರ್ವಜನಿಕ ಸಂಸ್ಥೆಗಳ ಶೇ. 75ರಷ್ಟು ಸಿಬ್ಬಂದಿ ತಮ್ಮ ಶೇ. 75ರಷ್ಟು ಸಮಯವನ್ನು ಅರ್ಜಿದಾರರಿಗೆ ಮಾಹಿತಿ ಹುಡುಕಿಕೊಡುವುದರಲ್ಲೇ ಕಳೆಯುವ ಸ್ಥಿತಿ ದೇಶಕ್ಕೆ ಬೇಡ ಎಂಬ ಅರ್ಥದ ಮಾತು ಅಲ್ಲಿದೆ. ಈ ಅಂಕಿಗೆ ಆಧಾರವಾಗಿ ಸಮೀಕ್ಷೆಯನ್ನಾಗಲಿ ಯಾವುದಾದರೂ ಕಚೇರಿಯ ಲೆಕ್ಕವನ್ನಾಗಲಿ ತೀರ್ಪು ಕೊಡುವುದಿಲ್ಲ. ಪೀಠದ ಮುಂದಿದ್ದವರು ಕೇಳಿದ್ದು ತಾವೇ ಬರೆದ ಹಾಳೆಗಳನ್ನು. ಅವರ ಪ್ರಕರಣದಲ್ಲಿ ಇಂಥ ಎಚ್ಚರಿಕೆಗೆ ಅವಕಾಶವೇ ಇರಲಿಲ್ಲ. ಕೆಲಸದ ಹೊರೆಯ ಚಿಂತೆಯನ್ನು ಶಾಸನ ಮಾಡಿದವರು ಮೊದಲೇ ಮಾಡಿದ್ದರು: ಸಂಪನ್ಮೂಲ ವಿಪರೀತ ವ್ಯಯವಾಗುವಂತಿದ್ದರೆ ಕೇಳಿದ ರೂಪದಲ್ಲೇ ಮಾಹಿತಿ ಕೊಡಬೇಕಿಲ್ಲ ಎಂದು ಸೆಕ್ಷನ್ 7(9) ಹೇಳುತ್ತದೆ. ಅಂದರೆ ರೂಪ ಬದಲಿಸಬಹುದು, ನಿರಾಕರಿಸುವಂತಿಲ್ಲ. ಇಷ್ಟು ಸ್ಪಷ್ಟವಾದ ಕಲಮು ಇರುವಾಗ ಆಧಾರವಿಲ್ಲದ ಅಂಕಿಯೊಂದನ್ನು ತೀರ್ಪಿಗೆ ಸೇರಿಸಿದ್ದು ದೊಡ್ಡ ಎಡವಟ್ಟು.

ಅದು ಪ್ರಾಸಂಗಿಕವಾಗಿ ಆಡಿದ ಮಾತು, ಯಾರನ್ನೂ ಬಂಧಿಸುವುದಿಲ್ಲ ಎಂಬುದು ತೀರ್ಪನ್ನು ಮೆಚ್ಚುವ ಕಾನೂನು ಪಂಡಿತರ ಸಮಾಧಾನ. ನ್ಯಾಯಶಾಸ್ತ್ರದ ತರಗತಿಯಲ್ಲಿ ಈ ಸಮಾಧಾನ ಸರಿಹೋಗಬಹುದು. ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ ಅರ್ಜಿಗೆ ಹಿಂಬರಹ ಬರೆಯುವ ಮಾಹಿತಿ ಅಧಿಕಾರಿ ತೀರ್ಪಿನ ತಿರುಳು ಯಾವುದು, ಪಕ್ಕದ ಮಾತು ಯಾವುದು ಎಂದು ಸೋಸುತ್ತ ಕೂರುವುದಿಲ್ಲ. ಸುಪ್ರೀಂ ಕೋರ್ಟಿನ ಬಾಯಿಂದ ಬಂದ ಮಾತು ಅವನಿಗೆ ಸಾಕು. ಕೇಂದ್ರ ಮಾಹಿತಿ ಆಯುಕ್ತರಾಗಿದ್ದ ಶೈಲೇಶ್ ಗಾಂಧಿಯವರು ಈ ಮಾತಿಗೆ ಬಹಿರಂಗವಾಗಿಯೇ ಆಕ್ಷೇಪಿಸಿದ್ದಾರೆ. ಅವರ ಆಕ್ಷೇಪವನ್ನು ಚಳವಳಿಗಾರರ ಆವೇಶವೆಂದು ತಳ್ಳಿಹಾಕುವವರು ಆ ಅಂಕಿ ಎಲ್ಲಿಂದ ಬಂತು ಎಂಬ ಪ್ರಶ್ನೆಯ ತಂಟೆಗೇ ಹೋಗುವುದಿಲ್ಲ.

ಇದಕ್ಕಿಂತ ಆಳದ ಪೆಟ್ಟು ಕೆಲವೇ ವಾರಗಳಲ್ಲಿ ಬಿತ್ತು. 2011ರ ಸೆಪ್ಟೆಂಬರ್ 2ರಂದು ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಪ್ರಕರಣದಲ್ಲಿ ಇದೇ ಪೀಠ, ಮೌಲ್ಯಮಾಪಕರಿಗೆ ಕೊಡುವ ಸೂಚನೆಗಳು ವಿಶ್ವಾಸದ ಸಂಬಂಧದಲ್ಲಿ ಇರುವಂಥವು, ಕೊಡಬೇಕಿಲ್ಲ ಎಂದಿತು. ವಿದ್ಯಾರ್ಥಿ ತನ್ನ ಪತ್ರಿಕೆಯ ನಕಲು ಪಡೆಯುತ್ತಾನೆ. ಹತ್ತು ಅಂಕದ ಉತ್ತರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಎಂದಿದೆ. ಉಳಿದ ಆರು ಯಾಕೆ ಹೋದವು ಎಂದು ತಿಳಿಯಲು ಬೇಕಾದ ಹಾಳೆ ಕಪಾಟಿನೊಳಗೇ ಉಳಿಯುತ್ತದೆ. ಕೂಡಿಕೆ ತಪ್ಪಿದ್ದರೆ, ಒಂದು ಉತ್ತರ ನೋಡದೆ ಬಿಟ್ಟಿದ್ದರೆ ಸಿಕ್ಕಿಬೀಳುತ್ತದೆ. ಅನ್ಯಾಯದ ಮೌಲ್ಯಮಾಪನ ಸಿಕ್ಕಿಬೀಳುವುದಿಲ್ಲ.

ಕಾಲದ ವಿಚಾರದಲ್ಲೂ ಆಗಸ್ಟ್ ತೀರ್ಪು ಸಂಸ್ಥೆಗಳ ಕಡೆಗೇ ವಾಲಿದೆ. ಸಂಸ್ಥೆ ತನ್ನ ನಿಯಮದಂತೆ ಪತ್ರಿಕೆಗಳನ್ನು ಉಳಿಸಿಕೊಳ್ಳುವವರೆಗೆ ಮಾತ್ರ ಹಕ್ಕು. ಸಿಬಿಎಸ್‌ಇಯಲ್ಲಿ ಆಗ ಆ ಅವಧಿ ಮೂರು ತಿಂಗಳು. ಅದಕ್ಕಿಂತ ಹೆಚ್ಚು ಕಾಲ ಇಡಿ ಎಂದು ಹೇಳುವ ಅಧಿಕಾರ ಮಾಹಿತಿ ಆಯೋಗಕ್ಕೂ ಇಲ್ಲ ಎಂದು ಪೀಠ ಹೇಳಿತು. ಈ ಅವಧಿ ಓಡುತ್ತಿರುವಾಗಲೇ ಅರ್ಜಿಗೆ 30 ದಿನ, ಮೊದಲ ಮೇಲ್ಮನವಿಗೆ 45 ದಿನದವರೆಗೆ ಹಿಡಿಯಬಹುದು. ಆಯೋಗದ ಮುಂದಿನ ಎರಡನೆಯ ಮೇಲ್ಮನವಿ ಇಂತಿಷ್ಟು ದಿನದಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳಿಯೇ ಇಲ್ಲ.