ಬಂಡೆ ಹತ್ತುವವರನ್ನು ನಮ್ಮ ಕ್ಯಾಮೆರಾ ಕಂಡ ಬಗೆ

ಸಾವನದುರ್ಗದ ಬಂಡೆ ನಮ್ಮ ಚಿತ್ರಗಳಿಗೆ ಬಂದದ್ದು ಯುದ್ಧದ ಬೆನ್ನಿಗೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಆ ದುರ್ಗವನ್ನು ಕಿತ್ತುಕೊಂಡಿತು. ಸೈನ್ಯದ ಜೊತೆಗೇ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ತಾನು ಕಂಡ ಮೈಸೂರು ಸೀಮೆಯ ಬೆಟ್ಟ, ಕೋಟೆಗಳನ್ನು ಬರೆದು 1794ರಲ್ಲಿ ಪುಸ್ತಕವಾಗಿ ಹೊರತಂದ. ಆ ಕಾಲದ ಇಂಥ ಮುದ್ರಿತ ಚಿತ್ರಗಳಲ್ಲಿ ಬಂಡೆ ಪುಟ ತುಂಬ ನಿಂತಿರುತ್ತದೆ, ಮನುಷ್ಯರು ಅದರ ಬುಡದಲ್ಲಿ ಪುಟ್ಟ ಆಕೃತಿಗಳು. ಬಂಡೆ ಎಷ್ಟು ದುರ್ಗಮವೆಂದು ಕಂಡರೆ ಗೆದ್ದವರ ಹೆಗ್ಗಳಿಕೆ ಅಷ್ಟು ದೊಡ್ಡದು. ಹತ್ತಿದವನ ಕೈ ಎಲ್ಲಿತ್ತು, ಕಾಲು ಎಲ್ಲಿ ಊರಿತು ಎಂಬುದು ನೋಡುವವರಿಗೆ ಬೇಕಿರಲಿಲ್ಲ.

ಇನ್ನೂರ ಮೂವತ್ತು ವರ್ಷ ದಾಟಿದ ಮೇಲೂ ನಮ್ಮಲ್ಲಿ ಬಂಡೆ ಹತ್ತುವವರ ಚಿತ್ರ ಬಹುಮಟ್ಟಿಗೆ ಅದೇ ಜಾಡಿನಲ್ಲಿದೆ. ಕುಂತಿಬೆಟ್ಟ, ಸಾವನದುರ್ಗ, ರಾಮನಗರ, ಹಂಪಿ ಎಲ್ಲಿಯದೇ ಆಗಲಿ, ಪ್ರದರ್ಶನದ ಗೋಡೆಗೆ ಬರುವ ಚಿತ್ರಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಕೆಂಪಾದ ಆಕಾಶ, ಕಪ್ಪಾದ ಬಂಡೆ, ಅದರ ಅಂಚಿನಲ್ಲಿ ಕೈ ಚಾಚಿದ ಒಂದು ನೆರಳು. ನೋಡಿದೊಡನೆ ‘ಅಬ್ಬಾ’ ಎನ್ನಿಸುತ್ತದೆ. ಎರಡನೇ ಸಲ ನೋಡಿದರೆ ಅಲ್ಲಿ ಹತ್ತುವ ಕೆಲಸವೇ ಇಲ್ಲ. ಆ ನೆರಳು ಯಾರದ್ದಾದರೂ ಆಗಬಹುದಿತ್ತು, ಹಿಂಬದಿಯಿಂದ ಮೆಟ್ಟಿಲು ಹತ್ತಿ ಬಂದು ನಿಂತವರದ್ದೂ ಆಗಬಹುದಿತ್ತು.

ಈ ಅಚ್ಚು ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ಕರ್ನಾಟಕದ ಸಲೂನ್ ಪರಂಪರೆಯ ಹತ್ತಿರ ಹೋಗಬೇಕಾಗುತ್ತದೆ. ಛಾಯಾಚಿತ್ರ ಸ್ಪರ್ಧೆಗಳ ಈ ಲೋಕ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥವರು ಕನ್ನಡನಾಡಿನ ಕಾಡು, ಹಕ್ಕಿ, ಪ್ರಾಣಿಗಳ ಚಿತ್ರಗಳನ್ನು ಜಗತ್ತಿನ ಮುಂದಿಟ್ಟರು. ಈ ಪರಂಪರೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಬೆಳಕನ್ನು ಕಾಯುವ ತಾಳ್ಮೆ, ಚೌಕಟ್ಟಿನೊಳಗೆ ಬೇಡದ್ದನ್ನು ಬಿಡುವ ಶಿಸ್ತು, ಪ್ರಿಂಟಿನ ಮೇಲಿನ ಶ್ರದ್ಧೆ ನಮಗೆ ಬಂದದ್ದು ಇವರಿಂದಲೇ. ಆದರೆ ಅವರಿಂದ ನಾವು ತೆಗೆದುಕೊಂಡದ್ದು ಅರ್ಧ ಮಾತ್ರ. ಪೆರುಮಾಳ್ ಹಕ್ಕಿಯ ಚಿತ್ರ ತೆಗೆಯುವ ಮೊದಲು ಹಕ್ಕಿಯನ್ನು ಬಲ್ಲವರಾಗಿದ್ದರು. ಅದು ಯಾವ ಹೊತ್ತಿಗೆ ಗೂಡಿಗೆ ಬರುತ್ತದೆ, ಯಾವ ಕೊಂಬೆಯ ಮೇಲೆ ಕೂರುತ್ತದೆ, ಎಷ್ಟು ಹತ್ತಿರ ಹೋದರೆ ಬೆದರುತ್ತದೆ ಎಂಬ ತಿಳಿವಳಿಕೆ ಆ ಚಿತ್ರಗಳ ಬೆನ್ನೆಲುಬು. ಬಂಡೆ ಹತ್ತುವವರ ವಿಷಯಕ್ಕೆ ಬಂದಾಗ ನಮ್ಮ ಛಾಯಾಗ್ರಾಹಕರು ಬೆಳಕನ್ನೂ ಚೌಕಟ್ಟನ್ನೂ ಹಿಡಿದುಕೊಂಡರು, ಆ ತಿಳಿವಳಿಕೆಯನ್ನು ಕೈಬಿಟ್ಟರು.

ಹತ್ತುವುದೆಂದರೆ ಏನೆಂದು ಬಲ್ಲವರಿಗೆ ಸಾವನದುರ್ಗ ಒಂದು ವಿಚಿತ್ರ ಜಾಗ. 1226 ಮೀಟರ್ ಎತ್ತರದ ಆ ಬೆಟ್ಟದ ಮೈ ಬಹುಪಾಲು ನುಣುಪಾದ ಇಳಿಜಾರು ಬಂಡೆ. ಹತ್ತುವವರು ಅದನ್ನು ಸ್ಲ್ಯಾಬ್ ಎನ್ನುತ್ತಾರೆ. ಅಲ್ಲಿ ಕೈಗೆ ಹಿಡಿತವೇ ಸಿಗದ ಜಾಗಗಳಿವೆ. ಬೂಟಿನ ರಬ್ಬರು ಕಲ್ಲಿನ ತರಿಗೆ ಕಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ದೇಹದ ಭಾರ ಇಡಬೇಕು. ಹಿಮ್ಮಡಿ ಕೆಳಗಿಳಿಸಬೇಕು, ಸೊಂಟವನ್ನು ಬಂಡೆಯಿಂದ ದೂರ ಇಡಬೇಕು. ಹೆದರಿ ಬಂಡೆಯನ್ನು ಅಪ್ಪಿಕೊಂಡರೆ ಕಾಲು ಜಾರುತ್ತದೆ. ಹಗ್ಗ ಸಿಕ್ಕಿಸಲು ಕಲ್ಲಿಗೆ ಹೊಡೆದ ಕೊನೆಯ ಬೋಲ್ಟು ಎಷ್ಟೋ ಅಡಿ ಕೆಳಗೆ ಉಳಿದಿರುತ್ತದೆ, ಬಿದ್ದರೆ ಅದರ ಎರಡರಷ್ಟು ದೂರ ಕಲ್ಲಿಗೆ ಮೈ ಉಜ್ಜಿಕೊಂಡು ಜಾರಬೇಕು. ಇಷ್ಟೆಲ್ಲ ಭಯ, ಇಷ್ಟೆಲ್ಲ ಲೆಕ್ಕಾಚಾರ ನಡೆಯುತ್ತಿರುವಾಗ ಎದುರಿನಿಂದ ತೆಗೆದ ಫೋಟೋದಲ್ಲಿ ಕಾಣುವುದೇನು? ಒಬ್ಬ ಮನುಷ್ಯ ಇಳಿಜಾರಿನ ಮೇಲೆ ಸುಮ್ಮನೆ ನಡೆದು ಹೋಗುತ್ತಿದ್ದಾನೆ. ಕ್ಯಾಮೆರಾ ಬಂಡೆಯ ವಾಟವನ್ನು ಚಪ್ಪಟೆ ಮಾಡಿಬಿಡುತ್ತದೆ.

ಬಾದಾಮಿಯದು ಇದಕ್ಕೆ ತದ್ವಿರುದ್ಧ. ಅಲ್ಲಿನ ಕೆಂಪು ಮರಳುಗಲ್ಲು ನೆಟ್ಟಗೆ ನಿಲ್ಲುತ್ತದೆ, ಕೆಲವೆಡೆ ಮುಂದಕ್ಕೆ ಬಾಗುತ್ತದೆ, ಪದರ ಪದರವಾಗಿ ಬಿರುಕುಗಳನ್ನು ಬಿಟ್ಟುಕೊಡುತ್ತದೆ. ತೋಳು ಸೆಟೆದು ದೇಹ ಗಾಳಿಯಲ್ಲಿ ತೂಗುತ್ತದೆ, ಹಗ್ಗ ಬಂಡೆಯಿಂದ ದೂರ ಸರಿದು ನೇತಾಡುತ್ತದೆ. ಸಂಜೆ ಬಿಸಿಲಿಗೆ ಇಡೀ ಗೋಡೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಚಾಲುಕ್ಯರು 6ನೆಯ ಶತಮಾನದಲ್ಲಿ ಗುಹೆ ಕೊರೆದದ್ದು ಈ ಕಲ್ಲಿನಲ್ಲೇ. ಸಾಧಾರಣ ಛಾಯಾಗ್ರಾಹಕನಿಗೂ ಬಾದಾಮಿ ಒಳ್ಳೆಯ ಚಿತ್ರ ಕೊಡುತ್ತದೆ. ಹಾಗಾಗಿ ಕರ್ನಾಟಕದ ಬಂಡೆ ಹತ್ತುವಿಕೆ ಎಂದರೆ ಪತ್ರಿಕೆಗಳಲ್ಲಿ ಬಾದಾಮಿ, ಇಲ್ಲವೇ ಹಂಪಿಯ ಗುಂಡುಗಳು. ನಮ್ಮ ಹಳೇ ಮೈಸೂರು ಸೀಮೆಯ ಬಿಳಿ, ಬೂದು ಕಲ್ಲಿನ ಮೇಲೆ ನಡೆಯುವ ನಿಧಾನದ, ಕಾಲಿನ ಕೌಶಲದ ಹತ್ತುವಿಕೆಗೆ ಚಿತ್ರವೇ ಹುಟ್ಟಲಿಲ್ಲ. ಈ ಪರಂಪರೆಯ ದೊಡ್ಡ ಸೋಲು ಇದೇ ಎಂದು ನನಗನ್ನಿಸುತ್ತದೆ. ಸುಲಭವಾಗಿ ಕಾಣುವುದನ್ನು ತೆಗೆಯುವುದು ಕಷ್ಟದ ಮಾತಲ್ಲ. ಕಣ್ಣಿಗೆ ಸುಲಭವೆಂದು ತೋರುವ ಕಷ್ಟವನ್ನು ತೋರಿಸಬಲ್ಲ ಚಿತ್ರ ನಮಗೆ ಬೇಕಿತ್ತು.

ಆ ಕೊರತೆಯನ್ನು ತುಂಬಲು ಕೆಲವರು ಹಿಡಿದ ದಾರಿ ಮೋಸದ್ದು. ಕ್ಯಾಮೆರಾವನ್ನು ಒಂದಿಷ್ಟು ಓರೆ ಮಾಡಿದರೆ 60 ಡಿಗ್ರಿಯ ಇಳಿಜಾರು 80 ಆಗುತ್ತದೆ. ಸ್ಪರ್ಧೆಗಳಲ್ಲಿ ಇಂಥ ಚಿತ್ರಗಳಿಗೆ ಬಹುಮಾನ ಬಂದದ್ದನ್ನು ಕಂಡಿದ್ದೇನೆ. ಈ ಮೋಸವನ್ನು ಹಿಡಿಯುವುದು ಕಷ್ಟವಲ್ಲ. ತೂಗುಬಿಟ್ಟ ಹಗ್ಗವನ್ನು ನೋಡಬೇಕು. ಗಾರೆ ಕೆಲಸದವನ ತೂಗುಗುಂಡಿನ ಹಾಗೆ ಅದು ನೇರ ಕೆಳಗೇ ನಿಲ್ಲಬೇಕು. ಸೊಂಟಕ್ಕೆ ಕಟ್ಟಿದ ಚಾಕ್ ಚೀಲ, ಹಾರ್ನೆಸ್ಸಿಗೆ ಸಿಕ್ಕಿಸಿದ ಕ್ಯಾರಬೀನರ್ ಕೊಂಡಿಗಳು, ಹಿನ್ನೆಲೆಯ ತೆಂಗಿನ ಮರ ಎಲ್ಲವೂ ಒಂದೇ ದಿಕ್ಕಿಗೆ ವಾಲಿದ್ದರೆ ವಾಲಿರುವುದು ಬಂಡೆಯಲ್ಲ, ತೆಗೆದವನ ಕೈ. ಹಕ್ಕಿಯ ಗೂಡಿನ ಎಲೆ ಕತ್ತರಿಸಿ ತೆಗೆದ ಚಿತ್ರವನ್ನು ಪ್ರಕೃತಿ ವಿಭಾಗದಲ್ಲಿ ತಳ್ಳಿಹಾಕಬೇಕೆನ್ನುವ ನಾವು ಇದನ್ನೇಕೆ ಒಪ್ಪಿಕೊಳ್ಳುತ್ತೇವೆ?

ಓರೆ ಮಾಡದೆಯೂ ದಾರಿಯಿದೆ. ಪಕ್ಕದಿಂದ ನೋಡಿದರೆ ಬಂಡೆಯ ನಿಜವಾದ ಕೋನ ತಾನಾಗಿ ಕಾಣುತ್ತದೆ. ಬೆಳಿಗ್ಗೆ ಬಿಸಿಲು ಬಂಡೆಯ ಮೈ ಸವರಿ ಬರುವಾಗ ಒಂದೊಂದು ತರಿಗೂ ನೆರಳು ಹುಟ್ಟುತ್ತದೆ. ಆಗ ನೋಡುವವನಿಗೂ ಅರ್ಥವಾಗುತ್ತದೆ, ಈ ಕಾಲು ನಿಂತಿರುವುದು ಅಕ್ಕಿಕಾಳಿನಷ್ಟು ಉಬ್ಬಿದ ಕಲ್ಲಿನ ಮೇಲೆ ಎಂದು. ನಡುಹಗಲಲ್ಲಿ ಅದೇ ಬಂಡೆ ಬರೀ ಬಿಳಿ ಹಾಳೆ. ಬುಡದಲ್ಲಿ ನಿಂತು ಮೇಲಕ್ಕೆ ಕ್ಯಾಮೆರಾ ಎತ್ತಿದರೆ ಸಿಗುವುದು ಹತ್ತುವವನ ಬೂಟಿನ ತಳ, ಚಡ್ಡಿಯ ಹಿಂಭಾಗ. ಮುಖ ಬೇಕೆಂದರೆ ಮೇಲಿರಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದು ಹಗ್ಗಕ್ಕೆ ಜೋತುಬಿದ್ದಿರಬೇಕು. ಅಂದರೆ ತೆಗೆಯುವವನಿಗೂ ಹಗ್ಗದ ವಿದ್ಯೆ ಗೊತ್ತಿರಬೇಕು.

ಹೊರದೇಶಗಳಲ್ಲಿ ಈ ಕಲೆ ಬೆಳೆದದ್ದೇ ಹೀಗೆ. ಗ್ಯಾಲೆನ್ ರೋವೆಲ್ 1973ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಅಮೆರಿಕದ ಯೊಸೆಮಿಟಿಯ ಹಾಫ್ ಡೋಮ್ ಗೋಡೆಯನ್ನು ಸುತ್ತಿಗೆಯಿಂದ ಮೊಳೆ ಹೊಡೆಯದೆ ಹತ್ತಿದ. ಅವನು ತೆಗೆದ ಚಿತ್ರಗಳು ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. ಹತ್ತುವವರ ಮಧ್ಯದಿಂದಲೇ ಹುಟ್ಟಿದ ಚಿತ್ರಗಳವು. 1986ರಲ್ಲಿ ವೋಲ್ಫ್‌ಗಾಂಗ್ ಗ್ಯುಲಿಶ್ ಯೊಸೆಮಿಟಿಯ ಸೆಪರೇಟ್ ರಿಯಾಲಿಟಿ ಎಂಬ ಚಾವಣಿಯ ಬಿರುಕಿನಲ್ಲಿ ಹಗ್ಗವಿಲ್ಲದೆ ತಲೆಕೆಳಗಾಗಿ ಸಾಗುತ್ತಿದ್ದಾಗ ಅದನ್ನು ಸೆರೆಹಿಡಿದವನು ಹೈಂಜ್ ಜಾಕ್. ದೇಹ ಬಿರುಕಿಗೆ ಅಂಟಿದೆ, ಕೆಳಗೆ ಕಣಿವೆ ಬಾಯಿ ತೆರೆದಿದೆ, ಆದರೂ ನಮ್ಮ ಕಣ್ಣು ಹೋಗುವುದು ಬಿರುಕಿನೊಳಗೆ ತುರುಕಿದ ಕೈಗೆ. ಮುಂದೆ 2005ರಲ್ಲಿ ಜಾಕ್ ತಾನೇ ಅದೇ ಬಿರುಕನ್ನು ಹಗ್ಗವಿಲ್ಲದೆ ಹತ್ತಿದ. ತೆಗೆದವನಿಗೆ ಆ ಕೈಯ ನೋವು ಗೊತ್ತಿತ್ತು. ಹಾಗೆಂದು ಹೊರಗಿನದೆಲ್ಲ ಮಾದರಿಯೇನೂ ಅಲ್ಲ. ಕಲ್ಲಿನ ಸೂಜಿಮೊನೆಯ ಮೇಲೆ ನಿಂತ ಫ್ರೆಂಚ್ ಆರೋಹಿ ಗ್ಯಾಸ್ಟನ್ ರೆಬುಫಾನ ಚಿತ್ರ 1977ರ ವಾಯೇಜರ್ ನೌಕೆಗಳ ತಟ್ಟೆಯಲ್ಲಿ ಸೂರ್ಯಮಂಡಲದ ಆಚೆಗೇ ಹೋಗಿದೆ. ಸುಂದರವಾದ ಚಿತ್ರವೇ, ಆದರೆ ಅದೂ ಹತ್ತಿ ಮುಗಿಸಿದವನ ಚಿತ್ರ. ನಮ್ಮ ನೆರಳು ಚಿತ್ರಗಳೆಲ್ಲ ಅದರ ದೂರದ ನೆಂಟರು.

ನಮಗೆ ಮಾದರಿ ಬೇಕಾದರೆ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಕೊನೆಗೆ ಮೈಸೂರಿಗೇ ಮರಳಿ ಬಂದು ನೆಲೆಸಿದ ಟಿ.ಎಸ್. ಸತ್ಯನ್ (1923–2009) ಇದ್ದರು. ಅವರು ಬಂಡೆ ಹತ್ತುವವರ ಹಿಂದೆ ಬಿದ್ದವರಲ್ಲ. ಊರಿನ ಜನ, ಮಕ್ಕಳು, ಕೂಲಿಯವರು, ಸಂತೆ, ಬೀದಿ, ಮನೆಯೊಳಗಿನ ದಿನದ ಬದುಕು ಅವರ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಸತ್ಯನ್ ಅವರ ಚಿತ್ರಗಳಲ್ಲಿ ಜನ ಕ್ಯಾಮೆರಾಕ್ಕಾಗಿ ನಿಂತವರಾಗಿ ಕಾಣುವುದಿಲ್ಲ, ತಮ್ಮ ಪಾಡಿಗೆ ತಾವು ತೊಡಗಿಕೊಂಡವರಾಗಿ ಕಾಣುತ್ತಾರೆ. ಹಿನ್ನೆಲೆ ಎಷ್ಟೇ ಚೆಂದವಿದ್ದರೂ ಮನುಷ್ಯನನ್ನು ಅದು ನುಂಗುವುದಿಲ್ಲ. ಯಾರ ಬಡತನವನ್ನೂ ಅವರು ಸೊಗಸು ಮಾಡಲಿಲ್ಲ, ಯಾರ ಘನತೆಯನ್ನೂ ಕಡಿಮೆ ಮಾಡಲಿಲ್ಲ.

ಬಂಡೆ ಹತ್ತುವವರ ಒಳ್ಳೆಯ ಚಿತ್ರಕ್ಕೆ ಬೇಕಾದದ್ದು ಈ ಕಣ್ಣು. ಹತ್ತುವುದೂ ಒಂದು ದುಡಿಮೆ. ಅಲ್ಲಿ ಇಬ್ಬರಿರುತ್ತಾರೆ, ಹತ್ತುವವನೊಬ್ಬ, ಕೆಳಗೆ ಹಗ್ಗ ಹಿಡಿದು ಬಿಲೇ ಮಾಡುವವನೊಬ್ಬ. ಸಲೂನ್ ಚಿತ್ರಗಳಲ್ಲಿ ಈ ಎರಡನೆಯವನಿಗೆ ಜಾಗವೇ ಇಲ್ಲ. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತ, ಒಂದು ಕೈಯನ್ನು ಹಗ್ಗದ ಬಾಲದಿಂದ ಎಂದೂ ಬಿಡದೆ ನಿಂತ ಅವನನ್ನು ಸತ್ಯನ್ ಖಂಡಿತ ಬಿಡುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಪಾಂಡವಪುರದ ಕುಂತಿಬೆಟ್ಟದಲ್ಲಿ ಮೈಸೂರಿನ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದ ಚಿತ್ರವೊಂದನ್ನು ಈಚೆಗೆ ನೋಡಿದೆ. ಬೆಟ್ಟ ಅದರಲ್ಲಿ ಕಾಣುವುದೇ ಇಲ್ಲ. ಇರುವುದು ಅವಳ ಗೆಳತಿಯ ಬಲಗೈ, ಅರ್ಧ ಮುಖ, ಒಂದು ಗೇಣು ಕಲ್ಲು. ಚಾಕ್ ಹುಡಿ ಮೆತ್ತಿದ ಬೆರಳುಗಳು ಒಂದು ಸಣ್ಣ ಅಂಚನ್ನು ಹಿಡಿದಿವೆ, ಉಗುರ ಬುಡದಲ್ಲಿ ರಕ್ತ ಸರಿದು ಬಿಳುಪು ಬಂದಿದೆ. ತುಟಿ ಕಚ್ಚಿದ್ದಾಳೆ. ಕಣ್ಣು ಮಾತ್ರ ಆ ಕೈಯ ಮೇಲಿಲ್ಲ, ಚೌಕಟ್ಟಿನ ಎಡಮೂಲೆಯಲ್ಲಿ ಇನ್ನೂ ಮುಟ್ಟದ ಒಂದು ಬಿರುಕಿನ ಮೇಲಿದೆ. ಈಗ ಹಿಡಿದಿರುವುದು, ಮುಂದೆ ಹಿಡಿಯಬೇಕಾದದ್ದು, ಎರಡರ ನಡುವಿನ ತೀರ್ಮಾನ ಅಷ್ಟೂ ಒಂದೇ ಚಿತ್ರದಲ್ಲಿ ಬಂದುಬಿಟ್ಟಿದೆ. ಬೆಳಕು ಸಾಲದು, ಹಿನ್ನೆಲೆ ಮಸುಕು. ಯಾವ ಸ್ಪರ್ಧೆಯಲ್ಲೂ ಮೊದಲ ಸುತ್ತು ದಾಟುವುದು ಅನುಮಾನ. ನನ್ನ ಮಟ್ಟಿಗೆ ನಮ್ಮ ಸೀಮೆಯ ಬಂಡೆಗಳ ಮೇಲೆ ತೆಗೆದ ಚಿತ್ರಗಳಲ್ಲಿ ನಾನು ಕಂಡ ಅತ್ಯುತ್ತಮವಾದದ್ದು ಅದು. ಹಗ್ಗದ ಇನ್ನೊಂದು ಸಾಲಿನಲ್ಲಿ ತಾನೂ ನೇತಾಡುತ್ತಿದ್ದುದರಿಂದಲೇ ಆ ಹುಡುಗಿಗೆ ಅದು ಸಿಕ್ಕಿತು.

ಚಿತ್ರದುರ್ಗದ ಜ್ಯೋತಿರಾಜ್ ಅವರ ಮಾತು ಇಲ್ಲಿ ಬರಲೇಬೇಕು. ಕೋತಿರಾಜ್ ಎಂದೇ ನಾಡು ಅವರನ್ನು ಕರೆಯುತ್ತದೆ. ಹಗ್ಗವಿಲ್ಲದೆ ಕೋಟೆಯ ಗೋಡೆ ಏರುವ ಅವರಷ್ಟು ಕ್ಯಾಮೆರಾಗಳ ಕಣ್ಣಿಗೆ ಬಿದ್ದ ಆರೋಹಿ ಕರ್ನಾಟಕದಲ್ಲಿ ಇನ್ನೊಬ್ಬರಿಲ್ಲ. ಆದರೆ ನಾನು ನೋಡಿದ ಚಿತ್ರಗಳು, ವಿಡಿಯೊಗಳು ಬಹುತೇಕ ಎಲ್ಲವೂ ನೆಲದಿಂದ ತೆಗೆದವು. ಜನರ ಕೇಕೆ, ಮೊಬೈಲ್ ಹಿಡಿದ ಕೈಗಳ ಸಾಲು, ಅದರಾಚೆ ಒಂದು ಬೆನ್ನು. ಕೋಟೆಯ ಕಲ್ಲಿನ ಸಂದಿನಲ್ಲಿ ಆ ಬೆರಳು ಹೇಗೆ ನಿಲ್ಲುತ್ತದೆ, ಆ ಅಂಗೈ ಏನಾಗಿದೆ ಎಂದು ತೋರಿಸುವ ಚಿತ್ರಕ್ಕಾಗಿ ಹುಡುಕಿ ಸೋತಿದ್ದೇನೆ. ಇಂಥ ಒಬ್ಬ ಮನುಷ್ಯನನ್ನು ನಾವು ಸಾಹಸ ಪ್ರದರ್ಶನದ ಮಟ್ಟದಲ್ಲೇ ನಿಲ್ಲಿಸಿಬಿಟ್ಟಿದ್ದೇವೆ. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಜನ ನೋಡುತ್ತಿದ್ದಾರೆ ಎಂಬುದೇ ಹತ್ತುವವನನ್ನು ಅಪಾಯಕ್ಕೆ ತಳ್ಳಬಹುದು. 2017ರ ಜೂನಿನಲ್ಲಿ ಆರೋಹಿ ಅಲೆಕ್ಸ್ ಹೊನಾಲ್ಡ್ ಯೊಸೆಮಿಟಿಯ ಎಲ್ ಕ್ಯಾಪಿಟನ್ ಗೋಡೆಯನ್ನು ಹಗ್ಗವಿಲ್ಲದೆ ಹತ್ತಿದಾಗ ಚಿತ್ರೀಕರಿಸುತ್ತಿದ್ದ ಜಿಮ್ಮಿ ಚಿನ್ ಮತ್ತು ಅವರ ತಂಡಕ್ಕೆ ಇದೇ ದೊಡ್ಡ ಚಿಂತೆಯಾಗಿತ್ತು. ಅತಿ ಕಷ್ಟದ ಜಾಗದಲ್ಲಿ ಅವನ ಎದುರು ಯಾರೂ ಇರಬಾರದೆಂದು ದೂರದಿಂದ ನಡೆಸುವ ಕ್ಯಾಮೆರಾ ಇಟ್ಟರು. ಕೆಳಗಿದ್ದ ಕ್ಯಾಮೆರಾಮನ್ ಒಬ್ಬರು ನೋಡಲಾಗದೆ ಮುಖ ತಿರುಗಿಸಿಕೊಂಡದ್ದು ಆ ಸಾಕ್ಷ್ಯಚಿತ್ರದಲ್ಲೇ ಇದೆ. ನಮ್ಮಲ್ಲಿ ರೀಲ್ಸಿಗಾಗಿ ‘ಇನ್ನೊಂದು ಸಲ, ಸ್ವಲ್ಪ ಅಂಚಿಗೆ ಬಾ’ ಎನ್ನುವವರು ಆ ಮುಖವನ್ನೊಮ್ಮೆ ನೋಡಬೇಕು. ಕ್ಯಾಮೆರಾದಿಂದ ತೊಂದರೆ ಹತ್ತುವವನಿಗಷ್ಟೇ ಅಲ್ಲ. ರಾಮನಗರದಲ್ಲಂತೂ ಬಂಡೆಗೆ ಮನುಷ್ಯನಷ್ಟೇ ವಾರಸುದಾರನಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಇದೇ ಕಡಿದಾದ ಗೋಡೆಗಳ ಅಂಚಿನಲ್ಲಿ. ಅಲ್ಲಿ ಹಗ್ಗ ಇಳಿಬಿಟ್ಟು, ಡ್ರೋನ್ ಹಾರಿಸಿ ತೆಗೆದ ಚಿತ್ರ ಎಷ್ಟೇ ಚೆಂದವಾಗಿರಲಿ, ಅದನ್ನು ಒಳ್ಳೆಯ ಚಿತ್ರವೆಂದು ನಾನು ಒಪ್ಪಲಾರೆ.

ಮೈಸೂರಿನ ಛಾಯಾಚಿತ್ರ ಕೂಟಗಳಿಗೆ, ದಸರೆಯ ಹೊತ್ತಿನ ಪ್ರದರ್ಶನಗಳಿಗೆ ತೀರ್ಪುಗಾರರಾಗಿ ಬರುವ ಹಿರಿಯರಿಗೆ ನನ್ನದೊಂದು ಕೋರಿಕೆ. ಬಂಡೆ ಹತ್ತುವವರ ಚಿತ್ರ ಮುಂದೆ ಬಂದಾಗ ಮೊದಲು ಹಗ್ಗ ನೋಡಿ, ಆಮೇಲೆ ಕೈ ಕಾಲು ನೋಡಿ, ಆಕಾಶದ ಬಣ್ಣಕ್ಕೆ ಕೊನೆಯಲ್ಲಿ ಬನ್ನಿ. ನಿಮ್ಮ ಕೂಟದ ಹುಡುಗ ಹುಡುಗಿಯರನ್ನು ಒಂದು ಭಾನುವಾರ ಕುಂತಿಬೆಟ್ಟಕ್ಕೆ ಕರೆದುಕೊಂಡು ಹೋಗಿ. ಕ್ಯಾಮೆರಾ ಮನೆಯಲ್ಲೇ ಇರಲಿ. ತಿಳಿದವರ ಕೈಯಲ್ಲಿ ಗಂಟು ಹಾಕುವುದನ್ನು, ಬಿಲೇ ಮಾಡುವುದನ್ನು ಕಲಿಸಿ, ಹತ್ತು ಅಡಿಯಾದರೂ ಹತ್ತಿಸಿ. ಚಿತ್ರ ತೆಗೆಯುವುದು ಮರುವಾರದಿಂದ ಶುರುವಾಗಲಿ.